ಅಪ್ಪ ಕೇಳದ ಔಷಧ

ನಾನು ಚಿಕ್ಕವನಿದ್ದಾಗ ನಮ್ಮೂರವರು ಸರ್ಕಾರಿ ಆಸ್ಪತ್ರೆಗೆ ‘ಧರ್ಮದ ದವಾಖಾನಿ’ ಎನ್ನುತ್ತಿದ್ದರು. ಔಷಧ ಪುಕ್ಕಟೆ ಸಿಗುತ್ತಿತ್ತಲ್ಲ, ಅದಕ್ಕೆ. ಶೀಶೆ ಮಾತ್ರ ಮನೆಯಿಂದಲೇ ಒಯ್ಯಬೇಕು. ನಗಬೇಡಿ, ಆಗ ಹಾಗೇ ಇತ್ತು.

ಒಂದು ಮಳೆಗಾಲದಲ್ಲಿ ಅಕ್ಕನ ಬಲಗಿವಿ ಸೋರತೊಡಗಿತು. ಜ್ವರದಿಂದ ಮೈ ಹಂಚಿನಂತೆ ಸುಡುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರೂ ನೋವು ಇಳಿಯಲಿಲ್ಲ. ದವಾಖಾನೆಗೆ ಹೊರಡುವಾಗ ಅವ್ವ ದೊಡ್ಡ ಶೀಶೆ ತೊಳೆದು ಕೊಟ್ಟಳು. ಅಪ್ಪ ಅದನ್ನು ಬದಿಗಿಟ್ಟು ಬೆರಳುದ್ದದ ಶೀಶೆ ಎತ್ತಿಕೊಂಡ.

“ಧರ್ಮಕ್ಕ ಕೊಡೂದದು. ದೊಡ್ಡದು ಒಯ್ದ್ರ ಆಸೆಬುರುಕರು ಅಂತಾರ.”

ಅಪ್ಪ ಅಕ್ಕನನ್ನು ಹೆಗಲ ಮೇಲೆ ಹೊತ್ತ. ಎರೆಮಣ್ಣಿನ ಕೆಸರಿನಲ್ಲಿ ಕಾಲು ಕೀಳುತ್ತಾ ನಾನು ಹಿಂದೆ ನಡೆದೆ. ದವಾಖಾನೆಯಲ್ಲಿ ಸ್ಪಿರಿಟ್ಟಿನ ವಾಸನೆ ಮೂಗಿಗೆ ಅಡರುತ್ತಿತ್ತು. ಡಾಕ್ಟರು ಚೀಟಿ ಬರೆದರು. ಕಂಪೌಂಡರ್ ನಮ್ಮ ಶೀಶೆ ನೋಡಿ ಹುಬ್ಬೇರಿಸಿದ.

“ಇದರಾಗ ಮೂರು ದಿನದ್ದಷ್ಟ ಹಿಡೀತೈತಿ. ಎಂಟು ದಿನ ಕುಡಿಸಬೇಕು. ಮುಗಿದ ಮ್ಯಾಲೆ ಮತ್ತ ಬರ್ರಿ.”

“ಹೌದ್ರಿ ಸಾಹೇಬ್ರ,” ಎಂದು ಅಪ್ಪ ಟೊಪ್ಪಿಗೆ ತೆಗೆದು ಕೈಮುಗಿದ.

ಕೆಂಪನೆಯ ಆ ಕಹಿ ಔಷಧ ಮೂರೇ ದಿನಕ್ಕೆ ಮುಗಿಯಿತು. ಜ್ವರ ಇಳಿದಿತ್ತು, ಕಿವಿ ಇನ್ನೂ ಸೋರುತ್ತಿತ್ತು. ಹೋಗಿ ಬರ್ರಿ ಎಂದು ಅವ್ವ ಗೋಗರೆದಳು.

“ಮತ್ತ ಹೋಗಿ ಕೇಳೂದಂದ್ರ, ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ್ಕ ಹೋಗಿ ಮೊಳ ಹಾಕಿದ್ರಂತ, ಹಂಗಾತು,” ಎಂದ ಅಪ್ಪ.

ಅಪ್ಪ ಪುಕ್ಕಲನಲ್ಲ. ಕಡಲೆ ತೂಕದಲ್ಲಿ ಒಂದು ಮುಷ್ಟಿ ಕಡಿಮೆಯಾದರೂ ದಲಾಲನ ಕೊರಳಪಟ್ಟಿ ಹಿಡಿಯುವವನು. ಕಾಳು ತನ್ನದು, ಔಷಧ ಮಾತ್ರ ಇನ್ನೊಬ್ಬರ ಉಪಕಾರ ಎಂದು ತಿಳಿದಿದ್ದ. ಅಪ್ಪ ಕೇಳಲಿಲ್ಲ. ದೀಪಾವಳಿಯ ಹೊತ್ತಿಗೆ ಅಕ್ಕನ ಬಲಗಿವಿ ಕೇಳದಾಯಿತು. ನನಗೆ ಇಂದಿಗೂ ಅಪ್ಪನ ಮೇಲೆ ಸಿಟ್ಟಿದೆ, ನೆನೆದರೆ ಅಯ್ಯೋ ಎಂದೂ ಅನ್ನಿಸುತ್ತದೆ.

ನಿಮ್ಮ ಕಾಲ ಬೇರೆ, ಮಕ್ಕಳೇ. ನಿಮ್ಮ ಹೆಸರಿನ ಆಸ್ಪತ್ರೆ ಕಾರ್ಡಿದೆ, ಫೋನ್ ಮಾಡಿದರೆ ಬಾಗಿಲಿಗೆ ಆಂಬುಲೆನ್ಸ್ ಗಾಡಿ ಬರುತ್ತದೆ. ಆದರೂ ಮೊನ್ನೆ ಸರ್ಕಾರಿ ದವಾಖಾನೆಯಲ್ಲಿ ಅಕ್ಕನ ಬಿಪಿ ಮಾತ್ರೆ ಬರೆದುಕೊಟ್ಟದ್ದರಲ್ಲಿ ಅರ್ಧದಷ್ಟೇ ಸಿಕ್ಕಾಗ ನಾನು ಕೈಮುಗಿದು ಹೊರಟೇಬಿಟ್ಟಿದ್ದೆ. ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು ಔಷಧ ಕೊಡುವ ಕಿಟಕಿಯ ಮುಂದೆ ನಿಂತು, “ಉಳಿದ ಮಾತ್ರಿ ಯಾವಾಗ ಕೊಡ್ತೀರ್ರಿ?” ಎಂದು ಕೇಳಿದಳು. ನನಗೆ ನಾಚಿಕೆಯಾಗಿ ಅವಳ ಕೈ ಹಿಡಿದು ಜಗ್ಗಿದೆ. ಎಷ್ಟೆಂದರೂ ಅಪ್ಪನ ಮಗ!

ಬೆಂಚಿನ ಮೇಲಿದ್ದ ಅಕ್ಕ ಎಡಗಿವಿ ನನ್ನತ್ತ ತಿರುಗಿಸಿ, “ಹುಡುಗಿ ಏನ್ ಕೇಳಿದ್ಲೋ?” ಎಂದಳು.

ಗಟ್ಟಿಯಾಗಿ ಹೇಳಿದೆ.

“ಹಂಗಾರ ಮೊದಲ ಅಕಿ ಕೈ ಬಿಡೋ,” ಎಂದಳು ಅಕ್ಕ.