ಅದ್ದದೆ ಬಿಟ್ಟ ತಟ್ಟೆ

ಗಡಿಯಾಚೆ, ಮಾಲಗಾಂವದ ಒಂದು ತೋಟದ ಶೆಡ್ಡಿನಲ್ಲಿ ನಾವಿಬ್ಬರು ದ್ರಾಕ್ಷಿ ಒಣಗಿಸುವ ಸೌರಯಂತ್ರ ಕಟ್ಟಿದ್ದೆವು. ಇಬ್ಬರು ಅಂದರೆ ನಾನು ಮತ್ತು ವಿಶ್ರಾಮಬಾಗದ ಬಾಡಿಗೆ ಕೋಣೆಯಲ್ಲಿ ಮೂರು ವರ್ಷ ನನ್ನ ಜೊತೆಗಿದ್ದ ಗೆಳೆಯ. ಇಂಜಿನಿಯರಿಂಗಿನ ಕೊನೆಯ ವರ್ಷ. ವಿದ್ಯಾರ್ಥಿಗಳ ಸಂಶೋಧನಾ ಸ್ಪರ್ಧೆಗೆ ಇಬ್ಬರ ಹೆಸರೂ ಹೋಗಿತ್ತು.

ಈ ಕಡೆ ಹಣ್ಣನ್ನು ಒಣಹಾಕುವ ಮುನ್ನ ಎಣ್ಣೆ ಬೆರೆಸಿದ ಕ್ಷಾರದ ನೀರಿನಲ್ಲಿ ಅದ್ದುತ್ತಾರೆ. ಆಗ ಬೇಗ ಒಣಗುತ್ತದೆ, ಕಪ್ಪಾಗುವುದಿಲ್ಲ. ಹೋಲಿಸಿ ನೋಡಲೆಂದು ನಾವು ಒಂದು ತಟ್ಟೆಯನ್ನು ಅದ್ದದೆ ಇಟ್ಟೆವು. ಅದೂ ಉಳಿದವುಗಳಷ್ಟೇ ಬೇಗ ಒಣಗಿತು. ಅದ್ದುವ ಕೆಲಸವನ್ನೇ ತಪ್ಪಿಸುವ ಯಂತ್ರ ನಮ್ಮದು ಎಂದು ನಾಲ್ಕು ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಐದನೆಯ ದಿನ, ಅಥಣಿ ಕಡೆಯಿಂದ ಕೂಲಿಗೆ ಬಂದಿದ್ದ, ಎಲ್ಲರೂ ಮಾವಶಿ ಎಂದು ಕರೆಯುತ್ತಿದ್ದ ಹೆಂಗಸು ತಟ್ಟೆ ತೊಳೆಯುತ್ತ ಹೇಳಿದರು: "ಅದೊಂದ ತಟ್ಟಿ ಅದ್ದೂದು ಮರತಿದ್ರಿ ನೋಡ್ರೆಪಾ. ಕರ್ರಗಾದ್ರ ಯಾರ ತಗೋತಾರ? ನಾನ ಅದ್ದಿ ಇಟ್ಟೇನಿ."

ಗೆಳೆಯ ನನ್ನ ಪಕ್ಕದಲ್ಲಿದ್ದ. ಮರಳುವಾಗ ಬಸ್ಸಿನಲ್ಲಿ, ನಾಳೆ ಇಬ್ಬರೂ ಕೂಡಿ ಪ್ರಾಜೆಕ್ಟಿನ ಸರ್‌ಗೆ ಹೇಳೋಣ ಎಂದ. ಹಂಗಾಮು ಮುಗಿದಿತ್ತು, ಮತ್ತೆ ಮಾಡಿ ನೋಡಲು ಹಣ್ಣಿರಲಿಲ್ಲ.

ಮರುದಿನ ನಾನು ಹೇಳಿ ಮುಗಿಸಿದಾಗ ಸರ್ ಅವನತ್ತ ತಿರುಗಿದರು. ಹಿಂದಿನ ದಿನ ತಾನು ಶೆಡ್ಡಿಗೆ ಹೋಗಿರಲೇ ಇಲ್ಲ ಎಂದು ಅವನು ಶಾಂತವಾಗಿ ಮರಾಠಿಯಲ್ಲಿ ಹೇಳಿದ. ದಾಖಲೆ ಪುಸ್ತಕ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ ನನ್ನ ಸಹಿ ಮಾತ್ರ. ಮಾವಶಿಯನ್ನು ಕೇಳೋಣವೆಂದರೆ ಕೂಲಿಯವರು ಬೆಳಿಗ್ಗೆಯೇ ಊರಿಗೆ ಹೊರಟುಹೋಗಿದ್ದರು. ನನ್ನದು ಸಾಕ್ಷಿ ಇಲ್ಲದ ಮಾತಾಯಿತು; ನಾನು ಸ್ಪರ್ಧೆಯಿಂದ ನನ್ನ ಹೆಸರು ಹಿಂತೆಗೆದುಕೊಂಡೆ.

ಹೊರಗೆ ಬಂದ ಮೇಲೆ ಅವನು ಕನ್ನಡದಲ್ಲಿ ಅಂದ: "ಒಬ್ಬಂದರ ಹೆಸರ ಉಳೀಲಿ ಬಿಡೋ."

ಅದ್ದದ ತಟ್ಟೆಯೂ ಬೇಗ ಒಣಗಿತೆಂಬ ಅದೇ ಫಲಿತಾಂಶಕ್ಕೆ, ಅವನೊಬ್ಬನ ಹೆಸರಿಗೆ ಬಹುಮಾನ ಬಂತು.

ನನ್ನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ಅದರಲ್ಲಿ ಅವನು ಮಾವಶಿಯ ಮುಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತಿದ್ದಾನೆ. ಆ ಅಂಗಿ ಕೊಂಡದ್ದು ಆಮೇಲೆ, ಸ್ಪರ್ಧೆಗೆಂದು. ಅಂಗಿ ಸುಳ್ಳಾದರೆ ಅವನೂ ಅಲ್ಲಿರಲಿಲ್ಲವೇ? ಹಾಗಾದರೆ ಬಸ್ಸಿನಲ್ಲಿ ಆಡಿದ ಮಾತು ಯಾರದು?

ಮರುವರ್ಷ ತೋಟದ ಮಾಲೀಕರು ಫೋನು ಮಾಡಿದರು. ಬಹುಮಾನದ ಸುದ್ದಿ ನಂಬಿ ಇಡೀ ಒಂದು ಸಾಲಿನ ಹಣ್ಣನ್ನು ಅದ್ದದೆ ಒಣಹಾಕಿದ್ದರಂತೆ, ಕಪ್ಪಾಗಿ ಜಿಗುಟಾಗಿದೆಯಂತೆ. ನಡೆದದ್ದನ್ನು ಹೇಳಿದೆ. ಇದನ್ನು ಆಗಲೇ ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದರು. ಅವರಿಗೆ ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.