ಆಯಿಯ ಜಾಗ ಕಾದ ಮಧ್ಯಾಹ್ನ

ಸರಕಾರಿ ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ನನಗೆ ಭಾನುವಾರವೇ ಪುರುಸೊತ್ತಿಲ್ಲದ ದಿನವಾಯಿತು. ಹುಮನಾಬಾದಿನ ನಮ್ಮ ಸಣ್ಣ ಚರ್ಚಿನಲ್ಲಿ ಆರಾಧನೆ ಮುಗಿದ ಕೂಡಲೇ ಹೆಂಗಸರು ಮಾಡಿಟ್ಟ ಖಿಚಡಿಯನ್ನು ಹಳೆಯ ವ್ಯಾನಿಗೆ ಏರಿಸುತ್ತಿದ್ದೆವು. ಪಾಸ್ಟರ್ ವ್ಯಾನು ನಡೆಸುತ್ತಿದ್ದರು. ನಾನು ಪಕ್ಕದಲ್ಲಿ ಔಷಧದ ಚೀಲ ಹಿಡಿದು ಕೂರುತ್ತಿದ್ದೆ. ಮೊದಲು ಹುಮನಾಬಾದಿನ ಬಸ್ ಸ್ಟ್ಯಾಂಡು, ಆಮೇಲೆ ಬಸವಕಲ್ಯಾಣ. ಮನೆಯಿಲ್ಲದೆ ಅಲ್ಲೇ ಮಲಗೇಳುವವರಿಗೆ ಊಟ ಕೊಡುವುದು, ಗಾಯವಿದ್ದರೆ ಪಟ್ಟಿ ಕಟ್ಟುವುದು, ಇಷ್ಟೇ ನಮ್ಮ ಕೆಲಸ. ಚೀಲದಲ್ಲಿ ಧರ್ಮಪ್ರಚಾರದ ಒಂದೂ ಕರಪತ್ರ ಇರಬಾರದು ಎನ್ನುವುದು ಪಾಸ್ಟರರ ಕಟ್ಟುನಿಟ್ಟು.

ಬಸವಕಲ್ಯಾಣದ ಬಸ್ ಸ್ಟ್ಯಾಂಡಿನ ಹೊರಗೆ, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಆ ಮುದುಕಿ ಇದ್ದಳು. ನಾವೆಲ್ಲ ಆಯಿ ಎನ್ನುತ್ತಿದ್ದೆವು. ಮಹಾರಾಷ್ಟ್ರದ ಕಡೆಯಿಂದ ಕಬ್ಬು ಕಡಿಯುವ ತಂಡದೊಂದಿಗೆ ಹಳ್ಳಿಖೇಡದ ಹೊಲಗಳಿಗೆ ಬಂದವಳು. ಕತ್ತಿ ತಾಗಿ ಬಲಗಾಲಿನ ಪಾದ ಸೀಳಿತ್ತು. ತಂಡ ಊರಿಗೆ ಹೊರಟಾಗ ಅವಳ ತಂಗಿಯ ಮಗ ಇಲ್ಲಿ ಇಳಿಸಿ, "ಕುಂಡ್ರು, ಬರ್ತೀನಿ" ಎಂದು ಹೋಗಿದ್ದನಂತೆ. ಅವನನ್ನು ಆಕೆ ಮರಾಠಿಯಲ್ಲಿ ಭಾಚಾ, ಅಂದರೆ ತಂಗಿಯ ಮಗ, ಎಂದಷ್ಟೇ ಅನ್ನುತ್ತಿದ್ದಳು. ಭಾಚಾ ಬರುವತನಕ ಕಟ್ಟೆಯ ಮೇಲೆ ಹಾಸಿಕೊಂಡ ಗೋಣಿಚೀಲ ಬಿಟ್ಟು ಏಳುವುದಿಲ್ಲವೆಂದು ಹಟ ಹಿಡಿದಿದ್ದಳು.

ಎರಡು ಭಾನುವಾರ ನಾನು ಗಾಯ ತೊಳೆದು ಕಟ್ಟಿದೆ. ಮೂರನೆಯ ಭಾನುವಾರ ಪಟ್ಟಿ ಬಿಚ್ಚಿದಾಗ ಎರಡು ಬೆರಳು ಕಪ್ಪಾಗಿದ್ದವು. ಕೊಳೆತ ವಾಸನೆ ಬಂತು. ಹುಮನಾಬಾದಿನಲ್ಲಿ ನನಗೆ ಗೊತ್ತಿದ್ದ ಸರ್ಜನ್‌ಗೆ ಫೋಟೊ ಕಳಿಸಿದೆ. "ಸಂಜೆಯೊಳಗೆ ತರ್ರಿ. ನಾಳೆ ಅಂದ್ರ ಕಾಲು ಅಷ್ಟೇ ಅಲ್ಲ, ಜೀವಾನೂ ಹೋಗ್ತದ" ಎಂದರು.

"ಆಯಿ, ದವಾಖಾನಿಗಿ ಹೋಗೂಣು ನಡಿ."

"ಬರಲ್ಲ. ಭಾಚಾ ಬಂದ್ರ ಎಲ್ಲಿ ಹುಡಕ್ತಾನ?"

ಹಿಂದಿನ ದಿನ ಎದುರಿನ ಚಹಾದಂಗಡಿಯ ಕಾಕಾ ಕರೆಸಿದ್ದ ಅಂಬುಲೆನ್ಸಿನವರನ್ನೂ ಆಕೆ ಬೈದು ಕಳಿಸಿದ್ದಳು. ಪಾಸ್ಟರ್ ಕೈ ಮುಗಿದು ಕೇಳಿಕೊಂಡರು. ಅರ್ಧ ತಾಸು ಹೋಯಿತು. ಆಗ ನನ್ನ ಬಾಯಿಂದ ಬಂದುಬಿಟ್ಟಿತು:

"ನಿನ್ನ ಭಾಚಾ ಹುಮನಾಬಾದಿಗೆ ಬಂದಾನ, ಆಯಿ. ದವಾಖಾನ್ಯಾಗ ನಿನ್ನ ಹಾದಿ ಕಾಯಾಕತ್ತಾನ."

ಆಕೆಯ ಮುಖ ಅರಳಿತು. ಗೋಡೆ ಹಿಡಿದು ಎದ್ದು ನಿಂತಳು. ಪಾಸ್ಟರ್ ನನ್ನ ಕಡೆ ನೋಡಿ, ವ್ಯಾನಿನ ಬಾಗಿಲು ತೆರೆಯಲು ಹೋದರು.

ವ್ಯಾನಿನ ಬಾಗಿಲಿಗೆ ಬರುವಷ್ಟರಲ್ಲಿ ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಅಡ್ಡ ಬಂದ. ಅವನ ಹಿಂದೆ ಹತ್ತು ಹನ್ನೆರಡು ಜನ.

"ಮುದುಕೀನ ಎಲ್ಲಿ ಒಯ್ಯಾಕತ್ತೀರಿ? ಊಟ ಕೊಟ್ಟು ಧರ್ಮ ಬದಲ್ ಮಾಡಸ್ತೀರಂತ ಕೇಳೀವಿ."

ಪಾಸ್ಟರ್ ನನ್ನ ಚೀಲ ಇಸಿದುಕೊಂಡು ಅವನ ಮುಂದೆ ಬಿಚ್ಚಿಟ್ಟರು. ಹತ್ತಿ, ಪಟ್ಟಿ, ಮುಲಾಮು, ಕತ್ತರಿ. ಅವನು ಎಲ್ಲವನ್ನೂ ಎತ್ತೆತ್ತಿ ನೋಡಿದ.

"ಆಕಿ ಭಾಚಾ ಬಂದಾನಂದ್ರಲ್ಲ, ಏನು ಅವನ ಹೆಸರು?"

ಮೂರು ವಾರದಲ್ಲಿ ನಾನು ಆ ಹೆಸರನ್ನು ಕೇಳಿರಲೇ ಇಲ್ಲ. ಯಾರೋ ಫೋನು ಎತ್ತಿ ವಿಡಿಯೋ ಮಾಡತೊಡಗಿದರು. ಆಯಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೇಳು, ಸಿಸ್ಟರ್ ಬಾಯಿ. ಹೆಸರು ಹೇಳು" ಎಂದಳು ಆಯಿ.

"ಬಂದಿಲ್ಲ, ಆಯಿ. ನಾ ಸುಳ್ಳು ಹೇಳಿದೆ."

ಆಕೆ ಕುಂಟುತ್ತ ಹಿಂತಿರುಗಿ ಗೋಣಿಚೀಲದ ಮೇಲೆ ಕುಳಿತಳು. ಜನ ನಮ್ಮನ್ನು ಸುತ್ತುವರಿದರು. ಒಬ್ಬ ವ್ಯಾನಿನ ಬಾನೆಟ್ ಮೇಲೆ ಗುದ್ದಿದ. ಅಷ್ಟರಲ್ಲಿ ಕಾಕಾ ಅಂಗಡಿ ಬಿಟ್ಟು ಬಂದು ಮೆಕ್ಯಾನಿಕ್‌ನ ತೋಳು ಹಿಡಿದರು.

"ಈಕಿ ಸುಳ್ಳು ಹೇಳಿದ್ದು ಖರೇ. ಮುದುಕಿ ಕಾಲು ಕೊಳತದ್ದೂ ಖರೇ. ನೀ ಒಮ್ಮಿ ನೋಡು, ಆಮ್ಯಾಲ ಮಾತಾಡು."

ನಾನು ಪಟ್ಟಿ ಸರಿಸಿದೆ. ಅವನು ಬಗ್ಗಿ ನೋಡಿದವನೇ ಬೆನ್ನು ತಿರುಗಿಸಿ ಬಾಯಿಗೆ ಕೈ ಒತ್ತಿಕೊಂಡ. ಫೋನು ಹಿಡಿದವನೂ ಕೈ ಇಳಿಸಿದ. ಆಮೇಲೆ ಮೆಕ್ಯಾನಿಕ್ ಆಕೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತ. "ಆಯಿ, ನೀ ಹೋಗಲೇಬೇಕು" ಎಂದ.

"ಈ ಜಾಗ ಖಾಲಿ ಕಂಡ್ರ ನಾ ಸತ್ತೀನಂತ ತಿಳಿದು ಅವ ಹೊಳ್ಳಿ ಹೋಗ್ತಾನ."

ಪಾಸ್ಟರ್ ಚಪ್ಪಲಿ ಬಿಟ್ಟರು. "ನೀ ಏಳು, ಆಯಿ. ನಾ ಕುಂಡ್ರತೀನಿ. ಬಂದ್ರ ನಾನೇ ಕರಕೊಂಡು ಬರ್ತೀನಿ."

ಆಕೆ ಗೋಣಿಚೀಲದಿಂದ ಸರಿದಳು. ಭಾನುವಾರದ ಬಿಳಿ ಅಂಗಿಯಲ್ಲೇ ಪಾಸ್ಟರ್ ಅದರ ಮೇಲೆ ಕುಳಿತರು.

ನನಗೆ ವ್ಯಾನು ನಡೆಸಲು ಬಾರದು. ಮೆಕ್ಯಾನಿಕ್ ಕೈ ಚಾಚಿ ಕೀಲಿ ಕೇಳಿದ. ಮನಸ್ಸಿನೊಳಗೇ ಪ್ರಾರ್ಥನೆ ಮಾಡುತ್ತ ಪಾಸ್ಟರರಿಂದ ಇಸಿದುಕೊಂಡು ಕೊಟ್ಟೆ. ಹೆದ್ದಾರಿ ಸೇರಿದೆವು. ಹಿಂದೆ ನನ್ನ ಪಕ್ಕ ಆಯಿಯ ಮೈ ಕೆಂಡದಂತೆ ಸುಡುತ್ತಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಡದೆ ಸಾಲುಗಟ್ಟಿದ್ದವು, ಅವನು ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಆಕೆ ಕಣ್ಣು ಮುಚ್ಚಿದಾಗ ನಾನು ನಾಡಿ ಹಿಡಿದೆ. ಅದು ಸಿಕ್ಕುತ್ತಿತ್ತು, ತಪ್ಪುತ್ತಿತ್ತು. "ಇದ್ದಾಳೇನ್ರಿ?" ಎಂದು ಅವನು ಕೇಳಿದ್ದೇ ಮೊದಲ ಮಾತು. "ಇದ್ದಾಳ, ನಡಸ್ರಿ" ಎಂದೆ.

ಆ ಸಂಜೆಯೇ ಅರ್ಧ ಪಾದ ತೆಗೆದರು. ಜೀವ ಉಳಿಯಿತು.

ಪಾಸ್ಟರ್ ಕತ್ತಲಾಗುವತನಕ ಕಟ್ಟೆಯ ಮೇಲೇ ಇದ್ದರು. ಬಸ್ಸಿನಿಂದಿಳಿದ ಹೆಂಗಸೊಬ್ಬಳು ಭಿಕ್ಷುಕನೆಂದು ತಿಳಿದು ಅವರ ಕೈಗೆ ಅರ್ಧ ರೊಟ್ಟಿ ಇಟ್ಟಳಂತೆ. ತಿಂದೆ ಎಂದು ಸಂಕೋಚದಿಂದ ಹೇಳಿದರು. ಮರುದಿನದಿಂದ ಕಾಕಾ ಆ ಜಾಗದ ಮೇಲೆ ಕಣ್ಣಿಟ್ಟರು. ಭಾಚಾ ಬರಲಿಲ್ಲ.

ಎರಡು ದಿನ ಆಯಿ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಗಂಜಿ ಕುಡಿಸುವಾಗ ನಾನೇ ಕೇಳಿದೆ: "ಮೊದಲೇ ಖರೇ ಹೇಳಿದ್ರ ನೀ ಏಳ್ತಿದ್ದೇನು?"

"ಏಳ್ತಿದ್ದಿಲ್ಲ" ಎಂದಳು. ಗಂಜಿ ನುಂಗಿ, ಬಾಯಿ ಒರೆಸಿಕೊಂಡು ಹೇಳಿದಳು: "ಆದ್ರೂ ಖರೇನೇ ಹೇಳಬೇಕಿತ್ತು."

ನಾನು ಮತ್ತೊಂದು ಚಮಚ ಗಂಜಿ ತುಂಬಿ ಹಿಡಿದೆ.

ಚರ್ಚಿನ ಹಿಂದಿನ ಕೋಣೆ ಕೊಡುತ್ತೇವೆಂದೆವು. ಆಕೆ ಒಲ್ಲೆನೆಂದಳು. ಘಾಟಬೋರಾಳದಲ್ಲಿ ಕಾಕಾನ ಅಕ್ಕ ಎಮ್ಮೆ ಕಟ್ಟಿಕೊಂಡು ಒಬ್ಬಳೇ ಇದ್ದಳು, ಅಲ್ಲಿಗೆ ಹೋದಳು. ಹೋದ ತಿಂಗಳು ನೋಡಲು ಹೋಗಿದ್ದೆ. ಬಗಲಲ್ಲಿ ಕೋಲು ಊರಿಕೊಂಡು ಎಮ್ಮೆಗೆ ಮೇವು ಹಾಕುತ್ತಿದ್ದಳು. ನನ್ನನ್ನು ಕಂಡು ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಮೇವಿನ ಇನ್ನೊಂದು ಹೊರೆ ತೋರಿಸಿ, "ಅದನ್ನ ಇತ್ತ ತಾ" ಎಂದಳು.