ಬೀಗರ ಹೆಸರುಕಾಳು

ನಮ್ಮ ಮನೆತನದಲ್ಲಿ ಮದುವೆಗೆ ಒಂಬತ್ತು ದಿನ ಮೊದಲು ಮಣ್ಣಿನ ಕುಡಿಕೆಗಳಲ್ಲಿ ಧಾನ್ಯ ಬಿತ್ತುತ್ತಾರೆ. ಭತ್ತ, ರಾಗಿ ಹೆಣ್ಣಿನವರದು. ಹೆಸರು, ಅಲಸಂದೆ ಗಂಡಿನವರು ಕಳಿಸುವುದು. ಎಲ್ಲವೂ ಸಮನಾಗಿ ಮೊಳೆತರೆ ಸಂಸಾರ ಸುಖವಾಗಿರುತ್ತದೆಂದು ಅಮ್ಮನ ನಂಬಿಕೆ. ಮಗಳ ಮದುವೆಯ ಕುಡಿಕೆಗಳಿಗೆ ನಲ್ಲಿ ನೀರೇ ಸಾಕೆಂದಳು ಹೆಂಡತಿ. ಶುಭಕಾರ್ಯಕ್ಕೆ ಹರಿಯುವ ನೀರೇ ಆಗಬೇಕೆಂದು ನಾನು ಹಟ ಹಿಡಿದೆ. ಊರಂಚಿನ ಮಾಧವರಂ ದಾಟಿ, ಸ್ಕೂಟರಿನಲ್ಲಿ ಒಂದು ಗಂಟೆ ಹೋಗಿ, ಗದ್ದೆಗಳ ನಡುವಿನ ಹೊಳೆಯಿಂದ ಒಂದು ಕ್ಯಾನ್ ನೀರು ತಂದೆ. ನಿವೃತ್ತನಾದವನಿಗೆ ಇಂಥ ಕೆಲಸಗಳಲ್ಲಿ ಉತ್ಸಾಹ ಜಾಸ್ತಿ.

ಐದನೆಯ ದಿನ ಭತ್ತ, ರಾಗಿ ನೆಟ್ಟಗೆ ನಿಂತಿದ್ದವು. ಗಂಡಿನ ಕಡೆಯ ಕಾಳುಗಳು ಮಾತ್ರ ಮೊಳೆತು, ಸೊಟ್ಟಗಾಗಿ, ಸುರುಟಿಕೊಂಡು ಮಲಗಿದ್ದವು. ಅಮ್ಮ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದಳು.

"ಹುಳುಕು ಕಾಳು ಕಳ್ಸಿದಾರೆ ಕಣೋ. ಸಾಯಂಕಾಲದೊಳಗೆ ನೀನು ಕೇಳ್ದಿದ್ರೆ ನಾನೇ ಫೋನ್ ಮಾಡ್ತೀನಿ."

ನಿಶ್ಚಿತಾರ್ಥದ ದಿನ ಕಾಫಿ ತಮಗೆ ಎರಡನೆಯ ಪಂಕ್ತಿಯಲ್ಲಿ ಬಂತೆಂದು ಮಧ್ಯಾಹ್ನವಿಡೀ ಮುಖ ಊದಿಸಿಕೊಂಡಿದ್ದ ಬೀಗರು ಅವರು. ಹುಳುಕು ಕಾಳಿನ ಮಾತೆತ್ತಿದರೆ ಮದುವೆ ಅಲ್ಲಿಗೇ ಮುಗಿಯಿತು. ಅಜ್ಜಿಯ ಫೋನನ್ನು ಬಚ್ಚಿಡಿ ಎಂದು, ಇಲ್ಲೇ ತಮಿಳರ ನಡುವೆ ಬೆಳೆದ ಮಗಳು ಎಂದಿನಂತೆ ತಮಿಳಿನಲ್ಲೇ ಹೇಳಿದಳು, ಆದರೆ ಕಣ್ಣು ತುಂಬಿತ್ತು. ನನಗೂ ನಿಜಕ್ಕೂ ಭಯವಾಯಿತು. ಬೇರೇನೂ ತೋಚದೆ, ನೀರಿನಲ್ಲೇ ಏನಾದರೂ ದೋಷವಿತ್ತೇ ನೋಡೋಣವೆಂದು ಮತ್ತೆ ಹೊಳೆಯ ಕಡೆಗೇ ಸ್ಕೂಟರ್ ಓಡಿಸಿದೆ.

ದಡದಲ್ಲಿ ರೈತನೊಬ್ಬ ಔಷಧಿ ಹೊಡೆಯುವ ಡಬ್ಬವನ್ನು ನೀರಿನಲ್ಲಿ ಅದ್ದಿ ತೊಳೆಯುತ್ತಿದ್ದ. ನನ್ನ ಮೊಳಕೆಗಳ ಕಥೆ ಕೇಳಿ ಅವನ ಮುಖ ಅರಳಿತು. ಅಸಲಿ ಕಳೆನಾಶಕ ಅಂದರೆ ಹಾಗೇ ಇರಬೇಕಂತೆ: ಅಗಲ ಎಲೆಯದೆಲ್ಲ ಸುರುಟಿ ಸಾಯುತ್ತದೆ, ಭತ್ತ, ರಾಗಿಯಂಥ ಹುಲ್ಲಿನ ಜಾತಿಗೆ ಏನೂ ಆಗುವುದಿಲ್ಲ. ಔಷಧಿಗೆ ನಮ್ಮ ಬೀಗರ ಹೆಸರುಕಾಳೂ ಒಂದೇ, ಅವನ ಗದ್ದೆಯ ಕಳೆಯೂ ಒಂದೇ. ಅವನನ್ನು ತಬ್ಬಿಕೊಳ್ಳುವಷ್ಟು ಖುಷಿಯಾಗಿ ಅಲ್ಲಿಂದಲೇ ಮನೆಗೆ ಫೋನ್ ಮಾಡಿದೆ. ತಪ್ಪು ನೀರಿನದು, ಕಾಳಿನದಲ್ಲ ಎಂದೆ. ನಲ್ಲಿ ನೀರೇ ಸಾಕೆಂದಿದ್ದ ಹೆಂಡತಿ ಫೋನನ್ನು ಅಮ್ಮನ ಕೈಗೆ ಕೊಟ್ಟಳು.

ಅಮ್ಮನಿಗೆ ಎಲ್ಲವನ್ನೂ ಇನ್ನೊಮ್ಮೆ ವಿವರಿಸುತ್ತಿರುವಾಗ ರೈತನ ಹೆಂಡತಿ ಬಿಂದಿಗೆ ಹಿಡಿದು ಇಳಿದುಬಂದಳು. ಡಬ್ಬ ತೊಳೆದ ಜಾಗದಿಂದ ನಾಲ್ಕು ಹೆಜ್ಜೆ ಆಚೆಗೆ ನೀರು ತುಂಬಿಕೊಂಡಳು. ಯಾತಕ್ಕೆಂದು ಕೇಳಿದೆ. ಅಡುಗೆಗೆ ಎಂದಳು. ಬೇಡಮ್ಮ, ಇದನ್ನು ಬಳಸಬೇಡಿ ಎಂದೆ. ಬೋರಿನ ನೀರು ಬರೀ ಉಪ್ಪು, ಇನ್ನೆಲ್ಲಿಂದ ತರಲಿ ಸಾರ್ ಎಂದು ನನ್ನನ್ನೇ ಕೇಳಿ, ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡು ಮನೆಯತ್ತ ನಡೆದಳು.

"ಹಾಗಾದ್ರೆ ಇನ್ನೇನೂ ತೊಂದ್ರೆ ಇಲ್ಲ, ಅಲ್ವೇನೋ?" ಎಂದು ಅಮ್ಮ ಫೋನಿನಲ್ಲಿ ಎರಡೆರಡು ಸಲ ಕೇಳಿದಳು. ಬೀಗರ ಕಾಳಿನದೇನೂ ತೊಂದರೆ ಇಲ್ಲಮ್ಮ ಎಂದಷ್ಟೇ ಹೇಳಿ, ಆ ಬಿಂದಿಗೆ ಹೋದ ದಾರಿಯನ್ನೇ ನೋಡಿದೆ.